ಹಂಡೆ ವಿಷ, ಲೋಟ ವಿಷ

ನಮ್ಮ ಮನೆ ಟೆರೇಸಿನಲ್ಲಿ ತುಳಸಿ ಕುಂಡದ ಪಕ್ಕ ಎರಡು ಬಿಳಿ ಬಕೆಟ್ ಇವೆ. ಮದುವೆ ಅಡುಗೆಗೆ ಮೊಸರು ತುಂಬಿಕೊಂಡು ಬರುತ್ತವಲ್ಲ, ಆ ಥರದ್ದು. ಒಳಗೆ ಹಸಿರು ನೀರು. ನೀರಿನ ತುಂಬ ಮೊಯಿನಾ. ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಮೊದಲು ಅಲ್ಲಿಗೇ ಹೋಗುತ್ತೇನೆ. ಬಿಸಿಲು ಓರೆಯಾಗಿ ಬಿದ್ದಾಗ ಸಣ್ಣ ಸಣ್ಣ ಚುಕ್ಕೆಗಳು ಮೇಲೆ ಕೆಳಗೆ ಜಿಗಿಯುವುದು ಕಾಣುತ್ತದೆ. ಅಮ್ಮ ಅದನ್ನು "ನಿನ್ನ ಹುಳ" ಅನ್ನುತ್ತಾಳೆ.

ಮೊಯಿನಾ ಹುಳ ಅಲ್ಲ. ಸೀಗಡಿ, ಏಡಿಗಳ ದೂರದ ನೆಂಟ, ನೀರುಚಿಗಟದ ಪೈಕಿ. ಮೈ ಒಂದು ಮಿಲಿಮೀಟರ್ ಬಂದರೆ ದೊಡ್ಡದು ಅಂತಲೇ ಲೆಕ್ಕ. ಅಕ್ವೇರಿಯಂ ಇಟ್ಟುಕೊಂಡವರು ಇದನ್ನು ಮೀನಿನ ಮರಿಗಳಿಗೆ ಹಾಕುತ್ತಾರೆ. ನಮ್ಮ ಕೆರೆಗಳಲ್ಲೂ ಇದೆ. ಪಾಚಿ ತಿಂದು ಬದುಕುತ್ತದೆ, ಮೀನಿನ ಮರಿಗಳು ಇದನ್ನು ತಿಂದು ಬೆಳೆಯುತ್ತವೆ. ಕೆರೆಯಲ್ಲಿ ಇದು ಸತ್ತರೆ ಯಾರಿಗೂ ಗೊತ್ತಾಗುವುದಿಲ್ಲ. ವಾಸನೆ ಬರುವುದು ಮೀನು ಸತ್ತಾಗ.

ನಾನು ಬಿಎಸ್ಸಿ ಮಕ್ಕಳಿಗೆ ಪ್ರಾಣಿಶಾಸ್ತ್ರ ಹೇಳಿಕೊಡಲು ಶುರು ಮಾಡಿ ಹದಿನೇಳು ವರ್ಷ ಆಯಿತು. ವಿಷದ ಪಾಠ ಬಂದಾಗಲೆಲ್ಲ ಬೋರ್ಡಿನ ಮೇಲೆ ಎಲ್‌ಸಿ50 ಅಂತ ಬರೆಯುತ್ತಿದ್ದೆ. ನೂರು ಪ್ರಾಣಿಗಳಲ್ಲಿ ಐವತ್ತನ್ನು ಇಷ್ಟು ಗಂಟೆಯಲ್ಲಿ ಕೊಲ್ಲುವ ಪ್ರಮಾಣ ಅಂತ ಹೇಳುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು. ಮುಂದಿನ ಪಾಠಕ್ಕೆ ಹೋಗುತ್ತಿದ್ದೆವು. ಹೋದ ವರ್ಷದ ಏಪ್ರಿಲ್ ತನಕ ಹೀಗೇ ನಡೆಯಿತು.

ನಾವಿರುವುದು ಯಲಹಂಕದ ಕಡೆ. ಬಡಾವಣೆಯ ಹಿಂದೆ ಒಂದು ಚಿಕ್ಕ ಕೆರೆ, ಅದಕ್ಕೆ ಬಂದು ಸೇರುವ ಒಂದು ರಾಜಕಾಲುವೆ. ಒಂದು ಬೆಳಿಗ್ಗೆ ವಾಕಿಂಗ್ ಹೋದವರು ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕಿದರು. ದಡದ ಉದ್ದಕ್ಕೂ ಜಿಲೇಬಿ ಮೀನು ಹೊಟ್ಟೆ ಮೇಲಾಗಿ ಬಿದ್ದಿದ್ದವು. ನನಗೆ ತಕ್ಷಣ ನೆನಪಾದದ್ದು 2016ರ ಮಾರ್ಚ್, ಹಲಸೂರು ಕೆರೆ. ಆಗ ಸಾವಿರಾರು ಮೀನು ಸತ್ತು ತೇಲಿದಾಗ ನಾನೂ ಹೋಗಿ ನೋಡಿದ್ದೆ. ಆ ವಾಸನೆ ಇನ್ನೂ ಮರೆತಿಲ್ಲ.

ಬೇಸಿಗೆಯಲ್ಲಿ ಕೆರೆ ಮೀನು ಹೀಗೆ ಒಟ್ಟಿಗೆ ಸತ್ತರೆ ಮೊದಲು ಅನುಮಾನ ಪಡಬೇಕಾದದ್ದು ಆಮ್ಲಜನಕದ ಮೇಲೆ. ಚರಂಡಿ ನೀರು ಸೇರಿದರೆ ಪಾಚಿ ಉಕ್ಕಿ ಬೆಳೆಯುತ್ತದೆ. ಹಗಲು ಅದೇ ಪಾಚಿ ಆಮ್ಲಜನಕ ಕೊಡುತ್ತದೆ. ರಾತ್ರಿ ಬೆಳಕಿಲ್ಲ, ಆಗ ಅದೂ ಉಸಿರಾಡುತ್ತದೆ, ಕೊಳೆಯುವ ಕಸವೂ ಆಮ್ಲಜನಕ ಎಳೆಯುತ್ತದೆ. ಬೆಳಗಾಗುವ ಹೊತ್ತಿಗೆ ನೀರಿನಲ್ಲಿ ಏನೂ ಉಳಿದಿರುವುದಿಲ್ಲ. ಆದರೆ ಇಲ್ಲಿ ಸತ್ತದ್ದು ಜಿಲೇಬಿ. ಆಮ್ಲಜನಕ ಕಡಿಮೆ ಇದ್ದರೂ ತಡೆದುಕೊಳ್ಳುವ ಗಟ್ಟಿ ಮೀನು. ಅದಕ್ಕೇ ನನ್ನ ಮನಸ್ಸು ಒಪ್ಪಲಿಲ್ಲ.

ಮರುದಿನ ಬೆಳಿಗ್ಗೆ ಐದೂವರೆಗೆ ಹೋಗಿ, ಕಾಲುವೆ ಕೆರೆಗೆ ಸೇರುವ ಬಾಯಲ್ಲಿ ಎರಡು ಬಾಟಲಿ ನೀರು ತುಂಬಿಕೊಂಡು ಬಂದೆ. ಅದೇ ದಿನ ನಿವಾಸಿಗಳ ಸಂಘದವರು ದುಡ್ಡು ಹಾಕಿ ಒಂದು ಲ್ಯಾಬಿನವರನ್ನು ಕರೆಸಿದ್ದರು. ಅವರು ಬಂದದ್ದು ಹನ್ನೊಂದು ಗಂಟೆಗೆ. ಅವರು ನೀರು ತುಂಬಿಕೊಂಡ ಜಾಗದಲ್ಲೇ ನಾನೂ ಇನ್ನೆರಡು ಬಾಟಲಿ ತುಂಬಿಕೊಂಡೆ.

ಮನೆಗೆ ಬಂದು ಆರು ಗಾಜಿನ ಲೋಟ ಸಾಲಾಗಿ ಇಟ್ಟೆ. ಎರಡರಲ್ಲಿ ಐದೂವರೆಯ ನೀರು, ಎರಡರಲ್ಲಿ ಹನ್ನೊಂದರ ನೀರು, ಎರಡರಲ್ಲಿ ನಮ್ಮ ಬಕೆಟ್ಟಿನ ನೀರು. ಎಲ್ಲದಕ್ಕೂ ಅಕ್ವೇರಿಯಂ ಪಂಪಿನಿಂದ ಸಣ್ಣಗೆ ಗಾಳಿ ಬಿಟ್ಟೆ. ಉಸಿರು ಕಟ್ಟಿ ಸತ್ತವೋ ಏನೋ ಅನ್ನುವ ಸಂಶಯ ಉಳಿಯಬಾರದು ಅಲ್ವಾ. ಒಂದೊಂದಕ್ಕೂ ಹತ್ತು ಹತ್ತು ಮೊಯಿನಾ ಬಿಟ್ಟೆ.

ಸಂಜೆ ಕಾಲೇಜಿನಿಂದ ಬಂದು ನೋಡಿದರೆ ಐದೂವರೆಯ ಎರಡು ಲೋಟದಲ್ಲೂ ತಳದಲ್ಲಿ ಬಿಳಿ ಧೂಳಿನ ಹಾಗೆ ಬಿದ್ದಿದ್ದವು. ಲೋಟ ಅಲ್ಲಾಡಿಸಿದೆ. ಒಂದೂ ಏಳಲಿಲ್ಲ. ಹನ್ನೊಂದರ ನೀರಿನಲ್ಲಿ ಎಲ್ಲವೂ ಜಿಗಿಯುತ್ತಿದ್ದವು. ಮರುದಿನವೂ ಜಿಗಿಯುತ್ತಿದ್ದವು.

ವಾರದ ಮೇಲೆ ವರದಿ ಬಂತು. ಎಲ್ಲ ಅಂಶಗಳೂ ಮಿತಿಯೊಳಗಿವೆ ಅಂತ. ಗ್ರೂಪಿನಲ್ಲಿ ಎಲ್ಲರೂ ಕೈ ಮುಗಿಯುವ ಚಿತ್ರ ಹಾಕಿ ಸುಮ್ಮನಾದರು. ನನಗೆ ಆವತ್ತು ನಿದ್ದೆ ಬರಲಿಲ್ಲ. ವರದಿಯಲ್ಲಿ ಸುಳ್ಳು ಇರಲಿಲ್ಲ. ಹನ್ನೊಂದು ಗಂಟೆಯ ನೀರಿನ ಮಟ್ಟಿಗೆ ಅದು ಪೂರ್ತಿ ನಿಜ. ಮೀನು ಬದುಕುವುದು ಮಾತ್ರ ಇಪ್ಪತ್ನಾಲ್ಕು ಗಂಟೆಯ ನೀರಿನಲ್ಲಿ.

ನಮ್ಮ ಪರೀಕ್ಷೆಗಳೆಲ್ಲ ಎಲ್ಲಿ ನಿಂತಿವೆ ನೋಡಿ. 1986ರ ಪರಿಸರ ಸಂರಕ್ಷಣಾ ನಿಯಮಗಳಲ್ಲಿ ಹೊರಗೆ ಬಿಡುವ ತ್ಯಾಜ್ಯ ನೀರಿಗೆ ಒಂದು ಜೀವಪರೀಕ್ಷೆ ಇದೆ. ಏನೂ ಬೆರೆಸದ ಅದೇ ನೀರಿನಲ್ಲಿ ಮೀನು ಬಿಡಬೇಕು, 96 ಗಂಟೆ ಆದ ಮೇಲೆ ನೂರಕ್ಕೆ ತೊಂಬತ್ತು ಬದುಕಿರಬೇಕು. ಒಳ್ಳೆಯ ನಿಯಮ. ಯಂತ್ರಕ್ಕೆ ಸಿಗದ ಎಷ್ಟೋ ವಿಷ ಮೀನಿಗೆ ಸಿಗುತ್ತದೆ. ಪ್ರಪಂಚದ ಎಲ್ಲ ಕಡೆಯೂ ಇದೇ ಥರ: ಮೀನಿಗೆ 96 ಗಂಟೆ, ನೀರುಚಿಗಟಕ್ಕೆ 48 ಗಂಟೆ. ಸೋಮವಾರ ಶುರು ಮಾಡಿದರೆ ಶುಕ್ರವಾರ ಮುಗಿಯುತ್ತದೆ. ಆದರೆ ಮೀನಿನ ಮೈಗೆ 96 ಅನ್ನುವ ಸಂಖ್ಯೆ ಗೊತ್ತಿಲ್ಲ. ಐದನೇ ದಿನ ಏನಾಗುತ್ತದೆ? ವಿಷ ಬಂದು, ಹೋಗಿ, ಮತ್ತೆ ಬಂದರೆ ಏನಾಗುತ್ತದೆ? ಎಲ್‌ಸಿ50 ಇದಕ್ಕೆ ಉತ್ತರ ಹೇಳುವುದಿಲ್ಲ. ಅದು ಸತ್ತವರ ಎಣಿಕೆ. ಸಾವು ಹೇಗೆ ಬಂತು ಅನ್ನುವುದು ಅದರಲ್ಲಿಲ್ಲ.

ಹೇಗೆ ಬಂತು ಅಂತ ಲೆಕ್ಕ ಹಾಕುವ ದಾರಿ ಇದೆ. ಅದನ್ನು ಓದಲು ಕೂತ ಮೇಲೆ ಮೊದಲ ಎರಡು ವಾರ ಬರೀ ಸಮೀಕರಣ ನೋಡಿ ತಲೆ ಬಿಸಿಯಾಯಿತು. ಆಮೇಲೆ ಒಂದು ದಿನ ಅಜ್ಜಿ ಮನೆ ಹಂಡೆ ನೆನಪಾಯಿತು. ಅಲ್ಲಿಂದ ಮುಂದೆ ಎಲ್ಲವೂ ಸಲೀಸಾಯಿತು. ಅದನ್ನೇ ಇಲ್ಲಿ ಹೇಳುತ್ತೇನೆ.

ತುಮಕೂರಿನ ಕಡೆ ಅಜ್ಜಿ ಮನೆ ಬಚ್ಚಲಲ್ಲಿ ತಾಮ್ರದ ಹಂಡೆ ಇತ್ತು. ಅಜ್ಜಿ ನಾಲ್ಕಕ್ಕೇ ಎದ್ದು ತೆಂಗಿನ ಗರಿ ಹಾಕಿ ಒಲೆ ಹಚ್ಚುತ್ತಿದ್ದಳು. ನೀರು ಕಾಯುವುದಕ್ಕೆ ಗಂಟೆಗಟ್ಟಲೆ ಬೇಕು. ಆದರೆ ಒಮ್ಮೆ ಕಾದರೆ, ಒಲೆ ಆರಿ ಎಷ್ಟೋ ಹೊತ್ತಾದರೂ ಕೊನೆಯವರಿಗೆ ಬಿಸಿನೀರು ಸಿಗುತ್ತಿತ್ತು. ಅದೇ ಒಲೆಯ ಬಾಯಲ್ಲಿ ಒಂದು ಲೋಟ ನೀರು ಇಟ್ಟರೆ ಬೇಗ ಕೊತಕೊತ ಕುದಿಯುತ್ತದೆ. ಈಚೆಗೆ ತೆಗೆದಿಟ್ಟರೆ ಬೇಗ ಆರುತ್ತದೆ. ಬೆಂಕಿ ಒಂದೇ, ಪಾತ್ರೆಯ ಗುಣ ಬೇರೆ.

ವಿಷವೂ ಹಾಗೇ. ನೀರಿನಲ್ಲಿರುವ ವಿಷ ಬೆಂಕಿ ಇದ್ದ ಹಾಗೆ. ಪ್ರಾಣಿಯ ಮೈಯೊಳಗೆ ಆಗುವ ಹಾನಿ ಪಾತ್ರೆಯ ಬಿಸಿ ಇದ್ದ ಹಾಗೆ. ಕೆಲವು ವಿಷದ ಹಾನಿ ಲೋಟದಂತೆ ಬೇಗ ಏರಿ ಬೇಗ ಇಳಿಯುತ್ತದೆ. ಕೆಲವದು ಹಂಡೆಯಂತೆ ನಿಧಾನ ಏರಿ ನಿಧಾನ ಇಳಿಯುತ್ತದೆ. ನನ್ನ ತರಗತಿಯಲ್ಲಿ ಈಗ ಇವಕ್ಕೆ ಲೋಟ ವಿಷ, ಹಂಡೆ ವಿಷ ಅಂತಲೇ ಹೆಸರು. ಇದು ಸುಮ್ನೆ ಹೋಲಿಕೆಯಲ್ಲ. ಬಿಸಿ ನೀರು ಆರುವುದಕ್ಕೆ ಪಿಯುಸಿ ಭೌತಶಾಸ್ತ್ರದಲ್ಲಿ ನ್ಯೂಟನ್ನನ ನಿಯಮ ಓದುತ್ತೇವಲ್ಲ, ಸಮೀಕರಣ ಅದೇ. ಇವತ್ತಿನ ಹಾನಿ ಎಷ್ಟು ಬದಲಾಗುತ್ತದೆ ಅಂತ ತಿಳಿಯಬೇಕಾ? ನೀರಿನಲ್ಲಿರುವ ವಿಷದ ಪ್ರಮಾಣದಿಂದ ಈಗಿರುವ ಹಾನಿಯನ್ನು ಕಳೆಯಿರಿ. ಬಂದದ್ದನ್ನು ವೇಗದಿಂದ ಗುಣಿಸಿ. ಲೋಟಕ್ಕೆ ವೇಗ ಜಾಸ್ತಿ, ಹಂಡೆಗೆ ಕಡಿಮೆ. ಇನ್ನೊಂದು ಬೇಕಾದದ್ದು ಗೆರೆ. ಹಾನಿ ಆ ಗೆರೆಯ ಕೆಳಗಿದ್ದರೆ ಪ್ರಾಣಿ ಸಂಭಾಳಿಸಿಕೊಳ್ಳುತ್ತದೆ. ದಾಟಿದರೆ, ಎಷ್ಟು ಮೇಲೆ ಹೋಯಿತೋ ಅಷ್ಟು ಸಾವಿನ ಸಾಧ್ಯತೆ ಏರುತ್ತದೆ.

ಈ ಲೆಕ್ಕದ ಹೆಸರು ಗಟ್ಸ್, ಇಂಗ್ಲಿಷಿನ ಉದ್ದ ಹೆಸರೊಂದರ ಮೊದಲಕ್ಷರಗಳು. ವಿಜ್ಞಾನಿ ಚಾಲಿಂಗ್ ಯಾಗರ್ ಮತ್ತು ಮೂವರು ಜೊತೆಗಾರರು 2011ರಲ್ಲಿ, ಅಲ್ಲಿಯ ತನಕ ಒಬ್ಬೊಬ್ಬರು ಒಂದೊಂದು ಥರ ಮಾಡುತ್ತಿದ್ದ ಮಾದರಿಗಳನ್ನು ಒಂದೇ ಸೂರಿನಡಿ ತಂದರು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ, ಕೀಟನಾಶಕಗಳಿಂದ ಜಲಜೀವಿಗಳಿಗೆ ಆಗುವ ಅಪಾಯ ಅಳೆಯಲು ಇದು ಬಳಕೆಗೆ ಸಿದ್ಧ ಎಂದಿತು.

ಈಗ ಒಂದು ಲೆಕ್ಕ. ಅಂಕಿಗಳು ತಿಳಿಯಲಿ ಅಂತ ನಾನೇ ಇಟ್ಟುಕೊಂಡವು. ನೀರಿನಲ್ಲಿ ವಿಷ ಯಾವಾಗಲೂ 4 ಇದೆ ಅಂತಿಟ್ಟುಕೊಳ್ಳಿ. ಗೆರೆ 3. ಲೋಟ ವಿಷದ ವೇಗ ದಿನಕ್ಕೆ 2, ಹಂಡೆ ವಿಷದ್ದು ದಿನಕ್ಕೆ 0.1. ಲೋಟ ವಿಷ ಸುಮಾರು 17 ಗಂಟೆಯಲ್ಲಿ ಗೆರೆ ದಾಟುತ್ತದೆ. ಹಂಡೆ ವಿಷದ ಹಾನಿ 96 ಗಂಟೆ ಆದಾಗ ಬರೀ 1.3. ಪರೀಕ್ಷೆ ಮುಗಿಯಿತು, ಒಂದು ಮೀನೂ ಸತ್ತಿಲ್ಲ, ಪಾಸ್. ಆದರೆ ಹಾನಿ ಏರುತ್ತಲೇ ಇದೆ. ಹದಿನಾಲ್ಕನೇ ದಿನದ ಹೊತ್ತಿಗೆ ಅದೂ 3 ದಾಟುತ್ತದೆ. ಅಷ್ಟು ಹೊತ್ತಿಗೆ ಪರೀಕ್ಷೆಯ ತೊಟ್ಟಿ ತೊಳೆದು ಒಣಗಿಸಿ ಆಗಿರುತ್ತದೆ.

ಇನ್ನು ನಮ್ಮ ಕಾಲುವೆಯ ಥರ ಮಾಡೋಣ. ರಾತ್ರಿ ಹನ್ನೆರಡರಿಂದ ಬೆಳಿಗ್ಗೆ ಆರರ ತನಕ ವಿಷ 8. ಮಿಕ್ಕ ಹದಿನೆಂಟು ಗಂಟೆ ಸೊನ್ನೆ. ಸರಾಸರಿ ತೆಗೆದರೆ 2, ಗೆರೆಗಿಂತ ಕೆಳಗೆ. ಕಾಗದದ ಮೇಲೆ ಕ್ಷೇಮ. ಹಂಡೆ ವಿಷಕ್ಕೆ ಇದು ನಿಜಕ್ಕೂ ಕ್ಷೇಮ. ಅದರ ಹಾನಿ ಮೆಲ್ಲಗೆ ಏರಿ 2ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಲೋಟ ವಿಷದ ಕಥೆ ಬೇರೆ. ಮೊದಲ ರಾತ್ರಿ, ಆರು ಗಂಟೆಗೆ ಇನ್ನೇನು ಸ್ವಲ್ಪ ಹೊತ್ತಿದೆ ಅನ್ನುವಾಗ ಗೆರೆ ದಾಟುತ್ತದೆ. ಎರಡನೇ ರಾತ್ರಿ ಒಂದು ಗಂಟೆ ಮುಂಚೆಯೇ ದಾಟುತ್ತದೆ, ಯಾಕೆಂದರೆ ನಿನ್ನೆಯದು ಇನ್ನೂ ಪೂರ್ತಿ ಆರಿಲ್ಲ. ಕೆಲವು ದಿನದಲ್ಲಿ ಪ್ರತಿ ಬೆಳಗಿನ ಜಾವ 3.6 ಮುಟ್ಟುತ್ತದೆ. ಹನ್ನೊಂದು ಗಂಟೆಗೆ ಬಾಟಲಿ ಹಿಡಿದು ಹೋದರೆ ನೀರಿನಲ್ಲಿ ಸೊನ್ನೆ. ಬದುಕಿ ಉಳಿದ ಮೀನಿನ ಮೈಯಲ್ಲಿ ಹಾನಿ ಇನ್ನೂ 2.4.

ಇದನ್ನು ಮೊದಲ ಸಲ ಸ್ಪ್ರೆಡ್‌ಶೀಟಿನಲ್ಲಿ ಇಳಿಸಿ ಗ್ರಾಫ್ ಎಳೆದಾಗ ಗರಗಸದ ಹಲ್ಲಿನ ಥರ ಗೆರೆ ಬಂತು. ಆ ಹಲ್ಲಿನ ತುದಿಗಳನ್ನು ನೋಡುತ್ತ ಕೂತೆ. ಐದೂವರೆ ಗಂಟೆ ಅಲ್ಲೇ ಇತ್ತು.

ಕಾಲುವೆಯಲ್ಲಿ ಏನು ಬಿಡುತ್ತಿದ್ದರು, ಯಾರು ಬಿಡುತ್ತಿದ್ದರು ಅನ್ನುವುದು ಈ ಬರಹದ ವಿಷಯ ಅಲ್ಲ. ಅದಕ್ಕೆ ಬೇರೆ ಲ್ಯಾಬು, ಬೇರೆ ಕಚೇರಿ ಇವೆ, ಅರ್ಜಿ ಕೊಟ್ಟಿದ್ದೇವೆ. ನನ್ನ ತಕರಾರು ಗಡಿಯಾರದ್ದು. ಪ್ರಮಾಣ ಎಷ್ಟು ಅಂತ ಕೇಳುವ ಎಲ್ಲ ಫಾರಂಗಳಲ್ಲೂ ಯಾವಾಗ ಅಂತ ಒಂದು ಖಾನೆ ಬೇಕು. ಎಷ್ಟು ಹೊತ್ತು, ಎಷ್ಟು ಸಲ, ನಡುವೆ ಎಷ್ಟು ಬಿಡುವು ಅಂತಲೂ ಬೇಕು.

ಲೋಟ, ಹಂಡೆ ಬರೀ ಕಲ್ಪನೆ ಅಂದುಕೊಳ್ಳಬೇಡಿ. ನಮ್ಮ ಊರಿನಲ್ಲಿ ಮನೆ ಕಟ್ಟುವಾಗ ಅಡಿಪಾಯಕ್ಕೆ ಗೆದ್ದಲಿನ ಔಷಧಿ ಹೊಡೆಸುತ್ತಾರಲ್ಲ, ಅದರಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವುದು ಕ್ಲೋರ್‌ಪೈರಿಫಾಸ್. ನೀರುಚಿಗಟಕ್ಕೆ ಇದು ಲೀಟರಿಗೆ ಒಂದು ಮೈಕ್ರೋಗ್ರಾಂ ಕೂಡ ಬೇಕಿಲ್ಲ ಅನ್ನುವಷ್ಟು ಮಾರಕ. ನರದಿಂದ ನರಕ್ಕೆ ಸುದ್ದಿ ಮುಟ್ಟಿದ ಮೇಲೆ ಆ ಸುದ್ದಿಯನ್ನು ಒರೆಸಿ ಹಾಕುವ ಒಂದು ಕಿಣ್ವ ಇದೆ, ಅಸಿಟೈಲ್‌ಕೋಲಿನೆಸ್ಟರೇಸ್. ಕ್ಲೋರ್‌ಪೈರಿಫಾಸ್ ಮೈಯೊಳಗೆ ಹೋಗಿ ರೂಪ ಬದಲಿಸಿಕೊಂಡು ಆ ಕಿಣ್ವಕ್ಕೆ ಅಂಟಿಕೊಳ್ಳುತ್ತದೆ. ಅಂಟಿದರೆ ಬಿಡುವುದು ಕಷ್ಟ. ಪ್ರಾಣಿ ಹೊಸ ಕಿಣ್ವವನ್ನೇ ತಯಾರಿಸಿಕೊಳ್ಳಬೇಕು. ಕಾರ್ಬರಿಲ್ ಅನ್ನುವ ಇನ್ನೊಂದು ಕೀಟನಾಶಕವೂ ಇದೇ ಕಿಣ್ವಕ್ಕೇ ಅಂಟುತ್ತದೆ, ಆದರೆ ಅದರ ಹಿಡಿತ ತಾನಾಗಿ ಸಡಿಲವಾಗುತ್ತದೆ. ಬಾಗಿಲು ಒಂದೇ. ಕಾರ್ಬರಿಲ್ ಚಿಲಕ ಹಾಕುತ್ತದೆ, ಕ್ಲೋರ್‌ಪೈರಿಫಾಸ್ ಬೀಗ ಹಾಕಿ ಕೀಲಿ ಮುರಿಯುತ್ತದೆ.

ವಿಜ್ಞಾನಿ ರೋಮನ್ ಆಶಾವರ್ ಮತ್ತು ಜೊತೆಗಾರರು ಯುರೋಪಿನ ತೊರೆಗಳಲ್ಲಿರುವ ಗ್ಯಾಮರಸ್ ಎಂಬ ಸೀಗಡಿಯಂಥ ಜೀವಿಗೆ ವಿಷವನ್ನು ಬಿಟ್ಟು ಬಿಟ್ಟು ಕೊಟ್ಟು ನೋಡಿದ್ದಾರೆ. ಪೆಂಟಾಕ್ಲೋರೋಫಿನಾಲ್ ಅನ್ನುವ ವಿಷ ಕೊಟ್ಟಾಗ ಅದು ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳುತ್ತದೆ. ಕ್ಲೋರ್‌ಪೈರಿಫಾಸ್ ಆದರೆ ವಾರಗಟ್ಟಲೆ ಬೇಕು. ಅಂದರೆ ಹೊರಗಿನಿಂದ ಆರಾಮಾಗಿ ಓಡಾಡುತ್ತಿರುವ ಪ್ರಾಣಿಯ ಮೈಯಲ್ಲಿ ಹೋದ ವಾರದ ವಿಷದ ಸಾಲ ಬಾಕಿ ಇರುತ್ತದೆ. ಅವರೇ 2017ರಲ್ಲಿ ಇನ್ನೊಂದು ತೋರಿಸಿದರು. ಎರಡು ವಿಷಗಳನ್ನು ಅಷ್ಟಷ್ಟೇ ಪ್ರಮಾಣದಲ್ಲಿ, ಒಂದರ ಹಿಂದೆ ಒಂದು ಕೊಡಬೇಕು. ಮೊದಲು ಯಾವುದು ಆಮೇಲೆ ಯಾವುದು ಅನ್ನುವುದನ್ನು ತಿರುವಿ ಹಾಕಿದರೆ ಸಾಯುವ ಸಂಖ್ಯೆಯೇ ಬೇರೆ ಆಗುತ್ತದೆ. ಹಂಡೆ ವಿಷ ಮೊದಲು ಬಂದರೆ ಅದರ ಬಿಸಿ ಇನ್ನೂ ಇರುವಾಗಲೇ ಎರಡನೆಯದು ಬಂದು ಬೀಳುತ್ತದೆ. ಲೋಟ ವಿಷ ಮೊದಲು ಬಂದರೆ ಎರಡನೆಯದು ಬರುವಷ್ಟರಲ್ಲಿ ಆರಿಹೋಗಿರುತ್ತದೆ. ವಿಷವೋ ಮದ್ದೋ ಅನ್ನುವುದನ್ನು ಪ್ರಮಾಣ ತೀರ್ಮಾನಿಸುತ್ತದೆ ಅಂತ ಹದಿನಾರನೇ ಶತಮಾನದ ವೈದ್ಯ ಪ್ಯಾರಾಸೆಲ್ಸಸ್ ಹೇಳಿದ್ದನ್ನು ನಾವು ಇನ್ನೂ ಬೋರ್ಡಿನ ಮೇಲೆ ಬರೆಯುತ್ತೇವೆ. ಅದರ ಕೆಳಗೆ ಸರದಿ ಅಂತಲೂ ಬರೆಯಬೇಕು.

ತರಗತಿಯಲ್ಲಿ ಇದನ್ನು ಹೇಳುವಾಗ ಕೊನೆ ಬೆಂಚಿನ ಒಬ್ಬ ಹುಡುಗಿ ಕೇಳಿದಳು. "ಮೇಡಂ, ಹತ್ತರಲ್ಲಿ ಐದು ಸತ್ತು ಐದು ಉಳಿದರೆ, ಉಳಿದ ಐದು ಗಟ್ಟಿ ಇದ್ದವಾ, ಇಲ್ಲ ಅದೃಷ್ಟ ಇತ್ತಾ?" ಎಂಥ ಪ್ರಶ್ನೆ! ಈ ವಿಷಯದಲ್ಲಿ ಕೆಲಸ ಮಾಡುವವರು ವರ್ಷಗಟ್ಟಲೆ ಚರ್ಚಿಸಿದ ಪ್ರಶ್ನೆ ಅದು. ಗಟ್ಸ್‌ನಲ್ಲಿ ಎರಡಕ್ಕೂ ಜಾಗ ಇದೆ. ಒಂದು ಬಗೆಯಲ್ಲಿ ಎಲ್ಲಕ್ಕೂ ಗೆರೆ ಒಂದೇ, ದಾಟಿದ ಮೇಲೆ ಯಾವುದು ಸಾಯುತ್ತದೆ ಅನ್ನುವುದು ಆಕಸ್ಮಿಕ. ಇನ್ನೊಂದರಲ್ಲಿ ಒಂದೊಂದು ಪ್ರಾಣಿಗೂ ಅದರದ್ದೇ ಗೆರೆ, ದಾಟಿದ ತಕ್ಷಣ ಸಾವು. ಒಂದೇ ಸಲದ ಪರೀಕ್ಷೆಯಲ್ಲಿ ಎರಡನ್ನೂ ಬೇರೆ ಮಾಡುವುದು ಕಷ್ಟ. ಉಳಿದವಕ್ಕೆ ಪೂರ್ತಿ ಚೇತರಿಸಿಕೊಳ್ಳಲು ಸಮಯ ಕೊಟ್ಟು, ಮತ್ತೆ ಅಷ್ಟೇ ವಿಷ ಕೊಟ್ಟರೆ ಗೊತ್ತಾಗುತ್ತದೆ. ಅದೃಷ್ಟವೇ ಆಗಿದ್ದರೆ ಮತ್ತೆ ಅರ್ಧ ಸಾಯುತ್ತವೆ. ಗಟ್ಟಿತನವಾಗಿದ್ದರೆ ಒಂದೂ ಸಾಯುವುದಿಲ್ಲ. ಪ್ರತಿ ರಾತ್ರಿ ವಿಷ ಬರುವ ಕಾಲುವೆಗೆ ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಆ ಹುಡುಗಿಯೇ ಬೋರ್ಡಿಗೆ ಬಂದು ವಿವರಿಸಿದಳು.

ಇಷ್ಟೆಲ್ಲ ಸಾವಿನ ಮಾತಾಯಿತು. ನನಗೆ ಇನ್ನೂ ಹತ್ತಿರವಾದದ್ದು ಸಾಯದೆ ಉಳಿದವುಗಳ ಲೆಕ್ಕ.

1979ರಲ್ಲಿ ಹಾಲೆಂಡಿನ ಬಾಸ್ ಕೋಯ್‌ಮನ್ ಅವರ ಮುಂದೆ ಒಂದು ಪ್ರಶ್ನೆ ಬಂತು. ನೀರುಚಿಗಟ ವಿಷದ ನೀರಿನಲ್ಲಿ ಕಡಿಮೆ ಮರಿ ಹಾಕುತ್ತದಲ್ಲ, ಅದನ್ನು ಅರ್ಥ ಮಾಡಿಕೊಳ್ಳುವುದು ಹೇಗೆ? ಅವರು ಮರಿಗಳನ್ನು ಎಣಿಸಿ ಸುಮ್ಮನಾಗಲಿಲ್ಲ. ಮರಿ ಹಾಕಲು ಶಕ್ತಿ ಬೇಕು, ಆ ಶಕ್ತಿ ಎಲ್ಲಿಂದ ಬರುತ್ತದೆ, ಎಲ್ಲೆಲ್ಲಿ ಖರ್ಚಾಗುತ್ತದೆ ಅಂತ ಹುಡುಕಿಕೊಂಡು ಹೋದರು. ಅದೇ ಬೆಳೆದು ಡೆಬ್ (ಡೈನಮಿಕ್ ಎನರ್ಜಿ ಬಜೆಟ್) ಸಿದ್ಧಾಂತ ಆಯಿತು. ಈಗ ಸಾವಿರಾರು ಜಾತಿಯ ಪ್ರಾಣಿಗಳ ಶಕ್ತಿಯ ಲೆಕ್ಕ ಈ ರೀತಿಯಲ್ಲಿ ಬರೆದಿಟ್ಟಿದ್ದಾರೆ.

ನಾನು ಇದನ್ನು ಸಂಬಳದ ಲೆಕ್ಕದಲ್ಲಿ ಹೇಳುತ್ತೇನೆ. ತಿಂದದ್ದು ಸಂಬಳ. ಅದು ಮೊದಲು ಉಳಿತಾಯ ಖಾತೆಗೆ ಹೋಗುತ್ತದೆ. ಅಲ್ಲಿಂದ ತೆಗೆದ ದುಡ್ಡನ್ನು ಮನೆಯೊಡತಿ ಎರಡು ಡಬ್ಬಿಗೆ ಹಾಕುತ್ತಾಳೆ. ಪಾಲು ಯಾವಾಗಲೂ ಅಷ್ಟಷ್ಟೇ. ಮೊದಲ ಡಬ್ಬಿ ಮೈಯದ್ದು. ಅದರಲ್ಲಿ ಬಾಡಿಗೆ, ರೇಷನ್ನು, ಕರೆಂಟ್ ಬಿಲ್ಲಿನ ಥರದ ನಿತ್ಯದ ಖರ್ಚು ಮೊದಲು ತೀರಬೇಕು. ಮಿಕ್ಕರೆ ಮೈ ಬೆಳೆಯುತ್ತದೆ. ಎರಡನೆಯ ಡಬ್ಬಿ ಪ್ರಾಯಕ್ಕೆ ಬರುವುದಕ್ಕೆ, ಆಮೇಲೆ ಮರಿಗಳಿಗೆ. ವಿಷ ಬಂದಾಗ ಈ ಲೆಕ್ಕದಲ್ಲಿ ಎಲ್ಲೋ ಒಂದು ಕಡೆ ಕೈ ಹಾಕುತ್ತದೆ. ಸಂಬಳವೇ ಕಡಿಮೆ ಆಗಬಹುದು, ಅಂದರೆ ತಿನ್ನುವುದಕ್ಕೋ ಅರಗಿಸುವುದಕ್ಕೋ ಆಗುವುದಿಲ್ಲ. ಬಾಡಿಗೆ ಏರಬಹುದು, ಅಂದರೆ ಮೈ ರಿಪೇರಿಗೇ ಶಕ್ತಿ ಹೋಗುತ್ತದೆ. ಮೈ ಕಟ್ಟುವ ಬೆಲೆ ಏರಬಹುದು. ಒಂದೊಂದು ಮೊಟ್ಟೆಯ ಬೆಲೆ ಏರಬಹುದು. ಇಲ್ಲವೇ ಮೊಟ್ಟೆಯೊಳಗಿನ ಮರಿಯೇ ಸಾಯಬಹುದು. ಹೊರಗಿನಿಂದ ನೋಡಿದರೆ ಎಲ್ಲದರಲ್ಲೂ ಕಾಣುವುದು ಒಂದೇ, ಮರಿ ಕಡಿಮೆ. ಮೈ ಎಷ್ಟು ಬೆಳೆಯಿತು, ಮೊದಲ ಮರಿ ಎಷ್ಟನೇ ದಿನ ಬಂತು, ಆಮೇಲೆ ಎಷ್ಟು ಬಂತು ಅಂತ ದಿನವೂ ನೋಡಿದರೆ ಮಾತ್ರ ವಿಷ ಯಾವ ಡಬ್ಬಿಗೆ ಕೈ ಹಾಕಿದೆ ಅಂತ ಗೊತ್ತಾಗುತ್ತದೆ.

ಐದೂವರೆಯ ನೀರು ಸ್ವಲ್ಪ ಉಳಿದಿತ್ತು. ಅದಕ್ಕೆ ಹತ್ತರಷ್ಟು ಒಳ್ಳೆಯ ನೀರು ಬೆರೆಸಿ, ಆಗ ತಾನೇ ಹುಟ್ಟಿದ ಮೊಯಿನಾಗಳನ್ನು ಬಿಟ್ಟು, ದಿನವೂ ಪಾಚಿ ಹಾಕಿದೆ. ಒಂದೂ ಸಾಯಲಿಲ್ಲ. ಐದನೇ ದಿನ ಒಂದನ್ನು ಡ್ರಾಪರಿನಲ್ಲಿ ಎತ್ತಿ, ಗಾಜಿನ ಮೇಲೆ ಒಂದು ಹನಿ ನೀರಿನಲ್ಲಿ ಇಟ್ಟು, ಲೆನ್ಸ್ ಹಿಡಿದೆ.

ಮೊಯಿನಾದ ಮೈ ಗಾಜಿನ ಥರ, ಒಳಗಿನದೆಲ್ಲ ಕಾಣುತ್ತದೆ. ತಲೆಯಲ್ಲಿ ಒಂದೇ ಒಂದು ಕಪ್ಪು ಕಣ್ಣು, ಅದು ಅದುರುತ್ತಲೇ ಇರುತ್ತದೆ. ಬೆನ್ನಿನ ಕಡೆ ಹೃದಯ ಪಟಪಟ ಅಂತ ಬಡಿದುಕೊಳ್ಳುತ್ತಿತ್ತು, ಎಣಿಸುವುದಕ್ಕೆ ಆಗದಷ್ಟು ಬೇಗ. ಕರುಳು ಬಾಯಿಯಿಂದ ಬಾಲದ ತನಕ ಹಸಿರು ದಾರದ ಹಾಗೆ ತುಂಬಿತ್ತು. ಅಂದರೆ ಹೊಟ್ಟೆ ತುಂಬ ತಿಂದಿದೆ. ಮೈ ಕೆಂಪಾಗಿರಲಿಲ್ಲ. ಆಮ್ಲಜನಕ ಕಡಿಮೆಯಾದರೆ ಇವು ಹಿಮೋಗ್ಲೋಬಿನ್ ಜಾಸ್ತಿ ಮಾಡಿಕೊಂಡು ಕೆಂಪಗಾಗುತ್ತವೆ, ಹಾಗಾಗಿ ಉಸಿರಿಗೂ ತೊಂದರೆ ಇಲ್ಲ. ಆದರೆ ಬೆನ್ನ ಮೇಲಿನ ಮರಿ ಚೀಲ ಖಾಲಿ. ಪಕ್ಕದ ಹನಿಯಲ್ಲಿ ಬಕೆಟ್ಟಿನ ನೀರಿನಲ್ಲೇ ಬೆಳೆದ, ಅದೇ ದಿನ ಹುಟ್ಟಿದ ಇನ್ನೊಂದನ್ನು ಇಟ್ಟೆ. ಅದರ ಚೀಲದಲ್ಲಿ ಮರಿಗಳು ಒತ್ತೊತ್ತಾಗಿ ಕೂತಿದ್ದವು. ಒಂದೊಂದಕ್ಕೂ ಆಗಲೇ ಕಪ್ಪು ಕಣ್ಣು ಮೂಡಿತ್ತು. ಮೈಯೂ ದೊಡ್ಡದಿತ್ತು. ಮೊದಲನೆಯದು ಅದರ ಮುಕ್ಕಾಲು ಭಾಗವೂ ಇರಲಿಲ್ಲ.

ಊಟ ಸರಿಯಾಗಿದೆ, ಮೈ ಬೆಳೆದಿಲ್ಲ, ಮರಿ ಇಲ್ಲ. ಬಾಡಿಗೆ ಏರಿರಬೇಕು, ಇಲ್ಲವೇ ಮೈ ಕಟ್ಟುವ ಬೆಲೆ ಏರಿರಬೇಕು, ತಿಂದದ್ದು ಅರಗದೆಯೂ ಇರಬಹುದು. ಮೊಟ್ಟೆಯ ಬೆಲೆ ಮಾತ್ರ ಏರಿದ್ದರೆ ಮೈ ಎಂದಿನಂತೆ ಬೆಳೆಯಬೇಕಿತ್ತು. 48 ಗಂಟೆಯ ಪರೀಕ್ಷೆಯಲ್ಲಿ ಈ ನೀರು ಪಾಸ್ ಆಗುತ್ತದೆ. ಕೆರೆಯಲ್ಲಿ ಇದೇ ನೀರಿದ್ದರೆ ಒಂದು ಹೆಣವೂ ತೇಲುವುದಿಲ್ಲ, ಫೋಟೋವೂ ಬರುವುದಿಲ್ಲ. ಮೊಯಿನಾ ಮಾತ್ರ ತಲೆಮಾರಿನಿಂದ ತಲೆಮಾರಿಗೆ ಕಡಿಮೆಯಾಗುತ್ತ ಹೋಗುತ್ತದೆ. ಲೆನ್ಸ್ ಕೆಳಗಿಟ್ಟ ಮೇಲೂ ಆ ಖಾಲಿ ಚೀಲ ಕಣ್ಣ ಮುಂದೆಯೇ ಇತ್ತು. ಬೆಳ್ಳಂದೂರಿನಲ್ಲಿ ನೊರೆ ಎದ್ದರೆ, ಬೆಂಕಿ ಹತ್ತಿದರೆ ಇಡೀ ದೇಶ ನೋಡಿತು. ಈ ಚೀಲ ನೋಡಲು ಯಾರನ್ನು ಕರೆಯುವುದು ಅನ್ನಿಸಿತು.

ಅದಕ್ಕೇ ಈಗ ನೇರವಾಗಿ ನಿಮ್ಮನ್ನು ಕರೆಯುತ್ತಿದ್ದೇನೆ. ಬರುವ ಶನಿವಾರ ರಾತ್ರಿ ಹತ್ತಕ್ಕೆ ಶುರು ಮಾಡಿ ಭಾನುವಾರ ಬೆಳಿಗ್ಗೆ ಎಂಟರ ತನಕ, ಎರಡೆರಡು ಗಂಟೆಗೆ ಒಮ್ಮೆ ಕಾಲುವೆ ಬಾಯಲ್ಲಿ ನೀರು ತುಂಬುತ್ತೇವೆ. ಆರು ಸಲ, ಸಲಕ್ಕೆ ಎರಡು ಬಾಟಲಿ, ಒಟ್ಟು ಹನ್ನೆರಡು. ಆಮೇಲೆ ಹನ್ನೊಂದಕ್ಕೆ ಇನ್ನೆರಡು. ಒಂದು ಬಾಟಲಿ ಐಸ್ ಪೆಟ್ಟಿಗೆಗೆ, ಲ್ಯಾಬಿಗೆ ಕಳಿಸಲು. ಇನ್ನೊಂದು ಮೊಯಿನಾಗೆ. ಐವರು ವಿದ್ಯಾರ್ಥಿಗಳು, ಬಡಾವಣೆಯ ಮೂವರು ಬರುತ್ತಿದ್ದಾರೆ. ಇನ್ನೂ ಇಬ್ಬರು ಮೂವರು ಬಂದರೆ ಪಾಳಿ ಹಾಕಿಕೊಳ್ಳಬಹುದು. ಟಾರ್ಚ್ ತನ್ನಿ, ಉದ್ದ ಕೈಗವಸು ತನ್ನಿ, ನೀರಿಗೆ ಬರಿಗೈ ಹಾಕಬೇಡಿ. ಬಾಟಲಿಯ ಚೀಟಿ ಮೇಲೆ ಸಮಯವನ್ನು ಪೆನ್ಸಿಲಿನಲ್ಲೇ ಬರೆಯಿರಿ, ಪೆನ್ನಿನ ಇಂಕು ತೇವಕ್ಕೆ ಅಳಿಸುತ್ತದೆ. ಗಂಟೆ ಮಾತ್ರ ಸಾಲದು, ನಿಮಿಷವೂ ಬೇಕು.

ಒಂದೇ ದಿನ ಹುಟ್ಟಿದ ಮೊಯಿನಾ ನೂರೈವತ್ತಾದರೂ ಬೇಕಾಗುತ್ತದೆ. ಅದಕ್ಕೆ ನಿನ್ನೆಯಿಂದಲೇ ಮರಿ ಚೀಲ ತುಂಬಿದ ತಾಯಂದಿರನ್ನು ಬೇರೆ ಲೋಟಗಳಿಗೆ ಎತ್ತಿಡುತ್ತಿದ್ದೇನೆ. ಅಮ್ಮ ಪಕ್ಕದಲ್ಲಿ ಕೂತು ಲೆನ್ಸಿನಲ್ಲಿ ನೋಡಿ, ಯಾವುದರ ಚೀಲ ತುಂಬಿದೆ ಅಂತ ಹೇಳುತ್ತಿದ್ದಾಳೆ. ನಲವತ್ತೆರಡು ಆಗಿವೆ.